ನೆಗೆಣ್ಣಿಯ ದೋಣಿ, ನೆಗೆಣ್ಣಿಯ ಮಾತು

ಮಹಾಪೂರ ಇಳಿದಾಗ ನಮ್ಮ ದೋಣಿ ಸೇತುವೆಯ ಕಂಬಕ್ಕೆ ಬಡಿದು ಸೀಳಿಹೋಗಿತ್ತು. ಮೈದುನನ ಮನೆಯ ದೋಣಿ ಮಾತ್ರ ಜಾಲಿಗಿಡಕ್ಕೆ ಕಟ್ಟಿದ ಹಾಗೇ ಇತ್ತು, ಒಳಗಿನ ಹುಟ್ಟೂ ಹೋಗಿರಲಿಲ್ಲ. "ಒಂದರ ಉಳೀತಲ್ಲ" ಅಂತ ನನ್ನ ಗಂಡ ತಮ್ಮನ ಬೆನ್ನು ಸವರಿದರು. ನಾನು ನಮ್ಮ ದೋಣಿಯ ಸೀಳಿದ ಹಲಗೆ ಆಯುತ್ತ ಅವರತ್ತ ತಿರುಗಿಯೂ ನೋಡಲಿಲ್ಲ. ಅದೇ ಕೃಷ್ಣೆ, ಅದೇ ಪೂರ. ನಮ್ಮದೇ ಯಾಕೆ?

ಸಂಜೆ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ, ಬಾಗಿಲಿಗೆ ಬಂದಳು. "ಅಕ್ಕಾ, ನಿಮಗ ಹೊಸಾ ದೋಣಿ ಆಗೂತನಕ ಅಣ್ಣ-ತಮ್ಮ ಕೂಡೇ ಬಲೆ ಹಾಕಲಿ. ಬಂದ ಮೀನ ನಾವಿಬ್ಬರೂ ಸರೀ ಹಂಚಿಕೊಂಡ ಮಾರೂಣು."

ಬೇರೆ ದಾರಿ ಇದ್ದಿದ್ದರೆ ಒಲ್ಲೆ ಅನ್ನುತ್ತಿದ್ದೆ.

ಸಂತೆಯಲ್ಲಿ ಅಕ್ಕಪಕ್ಕ ಕೂತೆವು. ಕಬ್ಬು ಕಡಿಯಲು ಬಂದ ಗ್ಯಾಂಗಿನವರೇ ಹೆಚ್ಚಿನ ಗಿರಾಕಿಗಳು, ಅವರದು ಬರೀ ಮರಾಠಿ. ನಾನು ಪಾಲಬಾವಿ ಕಡೆಯವಳು, ನನ್ನ ನಾಲಿಗೆಗೆ ಕನ್ನಡ ಬಿಟ್ಟು ಬೇರೆ ಹೊರಳುತ್ತಿರಲಿಲ್ಲ. ಆಕೆ ಮಿರಜದ ಹತ್ತಿರದವಳು, ಮರಾಠಿ ಆಕೆಗೆ ಮನೆಮಾತಿನ ಹಾಗೆ. "ಯಾ ಮಾವಶೀ, ಯಾ!" ಅಂತ ಕರೆದರೆ ಸಾಕು, ಜನ ನನ್ನ ಬುಟ್ಟಿ ದಾಟಿ ಆಕೆಯ ಕಡೆ ಹೋಗುತ್ತಿದ್ದರು. ಒಂದೇ ಬಲೆಯ ಮೀನು! ಆಕೆಯ ಬುಟ್ಟಿ ಖಾಲಿ, ನನ್ನದರ ಮೇಲೆ ನೊಣ. ದೋಣಿಯೂ ಆಕೆಯದೇ, ಮಾತೂ ಆಕೆಯದೇ ಅಂತ ಒಳಗೊಳಗೇ ಕುದಿಯುತ್ತಿದ್ದೆ.

ಒಂದು ಸಂತೆಗೆ ಆಕೆಗೆ ಜ್ವರ ಬಂದು ಗಂಟಲು ಕಟ್ಟಿತು. ಎರಡೂ ಬುಟ್ಟಿ ನಾನೇ ಹೊತ್ತೆ. ಒಬ್ಬಾಕೆ ಬಗ್ಗಿ, "ತಾಜಾ ಆಹೇ ಕಾ?" ಅಂದಳು. ಕೇಳಿ ಕೇಳಿ ಕಲಿತಿದ್ದನ್ನೆಲ್ಲ ಒಟ್ಟುಗೂಡಿಸಿ, "ಆಹೇ! ಮಾಸಾ ಆತ್ತಾಚ ಆಲೀ!" ಅಂದೆ, ಮೀನು ಈಗಷ್ಟೇ ಬಂದದ್ದು ಅಂತ. ಸುತ್ತಲಿನವರು ಗೊಳ್ಳೆಂದರು. ಮುಖ ಕಾದ ಹಂಚಾಯಿತು. ಆದರೆ ನಗುತ್ತಲೇ ನಿಂತರು, ನಗುತ್ತಲೇ ಕೊಂಡರು.

ಮನೆಗೆ ಬಂದು ಹೇಳಿದಾಗ ನೆಗೆಣ್ಣಿ ಹಾಸಿಗೆಯಲ್ಲೇ ಕೆಮ್ಮು ಬರುವಷ್ಟು ನಕ್ಕಳು. "ಆಲೀ ಅಲ್ಲಕ್ಕಾ, ಆಲಾ. ಮರಾಠಿಯೊಳಗ ಮೀನ ಗಂಡಸು!"

"ಗಂಡಸಾಗಿದ್ದರ ಹಿಂಗ ಹೊತ್ತಿಗೆ ಸರಿಯಾಗಿ ಬರತಿದ್ದಿಲ್ಲ ಬಿಡ" ಅಂದೆ. ನನಗೂ ನಗು ತಡೆಯಲಾಗಲಿಲ್ಲ.

ಆಮೇಲೆ ಬಲೆ ಹೆಣೆಯುತ್ತ ಕೂತಾಗೆಲ್ಲ ಆಕೆ ನನಗೆ ಮರಾಠಿ ಕಲಿಸಿದಳು. ಬೇಸಿಗೆಗೆ ನಮ್ಮ ಹೊಸ ದೋಣಿಯೂ ಬಂತು. ಆದರೂ ಅಣ್ಣ-ತಮ್ಮ ಬೇರೆಯಾಗಲಿಲ್ಲ. ಒಬ್ಬ ಹುಟ್ಟು ಹಾಕಿ ಇನ್ನೊಬ್ಬ ಬಲೆ ಎಳೆದರೇ ಕೆಲಸ ಸಲೀಸು.

ಹೊಟ್ಟೆಕಿಚ್ಚು ಹೋಯಿತೇ? ಇಲ್ಲ. ಇವತ್ತಿಗೂ ಗಿರಾಕಿಗಳು ನನ್ನನ್ನು ದಾಟಿ ಹೋದರೆ ಒಳಗೆ ಚುರ್ ಅನ್ನುತ್ತದೆ. ಆದರೆ ಆಕೆ ಬರುವುದು ತಡವಾದರೆ ಪಕ್ಕದಲ್ಲಿ ನನ್ನ ಗೋಣಿಚೀಲ ಹಾಸಿಡುತ್ತೇನೆ. ಬೇರೆ ಯಾರನ್ನೂ ಅಲ್ಲಿ ಕೂಡಗೊಡುವುದಿಲ್ಲ.