ಕೂಸಿನ ಚರ್ಮದ ಚೂರು

ಎರಡನೆಯ ಕೂಸೂ ಉಳಿಯುವುದಿಲ್ಲವೆಂದು ಗೊತ್ತಾದ ದಿನವೇ ಡಾಕ್ಟರ್ ಐಶ್ವರ್ಯಾ ಮಾಯವ್ವನ ಮುಂದೆ ಒಂದು ಕಾಗದ ಹಿಡಿದರು. ರಾಮದುರ್ಗ ತಾಲೂಕಿನ ಸಾಲಹಳ್ಳಿಯಿಂದ ಬೆಳಗಾವಿಯ ಆಸ್ಪತ್ರೆಗೆ ಬಂದು ಆರು ದಿನವಾಗಿತ್ತು. ಮೊದಲನೆಯದರಂತೆ ಇದಕ್ಕೂ ಮೂತ್ರಪಿಂಡದ ತುಂಬ ನೀರುಗುಳ್ಳೆ; ಹುಟ್ಟಿದಾಗಿನಿಂದ ಒಂದು ಬಟ್ಟೆಯನ್ನೂ ಒದ್ದೆ ಮಾಡಿರಲಿಲ್ಲ.

"ತೊಡಿಯಿಂದ ಜ್ವಾಳದ ಕಾಳಿನಷ್ಟು ಚರ್ಮ ಬೇಕ್ರಿ. ಅದರಿಂದ ಲ್ಯಾಬಿನ್ಯಾಗ ಮೂತ್ರಪಿಂಡದ ಅಂಗಾಂಶ ಬೆಳೆಸಿ, ಗುಳ್ಳಿ ಯಾಕ ಹುಟ್ಟತಾವ ನೋಡತೇವಿ. ಈ ಕೂಸಿಗೆ ಅದರಿಂದ ಉಪಯೋಗಿಲ್ಲ, ಖರೇ ಹೇಳತೇನಿ."

"ಸಾಯೋ ಕೂಸಿನ ಮೈ ಕೊಯ್ಯತಾರ? ಬ್ಯಾಡಂದ್ರ ಬ್ಯಾಡ!" ಅತ್ತೆ ಶಟ್ಟೆವ್ವ ಕಾಗದದ ಮೇಲೆ ಅಂಗೈ ಊರಿದಳು. ಗಂಡ ಕಲ್ಮೇಶ ಗೋಡೆಗೆ ಮುಖ ಮಾಡಿ ನಿಂತಿದ್ದ. ಮಾಯವ್ವ ಅತ್ತೆಯ ಕೈ ಸರಿಸಿ ಸಹಿ ಮಾಡಿದಳು. ಗಂಡ ಹೆಂಡತಿ ಇಬ್ಬರ ರಕ್ತವನ್ನೂ ತೆಗೆದುಕೊಂಡರು. ಮರುದಿನ ಕೂಸು ಹೋಯಿತು.

ಊರಲ್ಲಿ ಅವಳ ಹೊಟ್ಟೆಯೇ ಸರಿಯಿಲ್ಲವೆಂಬ ಮಾತು ಹಬ್ಬಿತು. ಶಟ್ಟೆವ್ವ ತೊರಗಲ್ಲಿಗೆ ಹೋಗಿ ಮಗನಿಗೆ ಇನ್ನೊಂದು ಹೆಣ್ಣು ನೋಡಿ ಬಂದಳು. ಮಾಯವ್ವ ಹತ್ತಿ ಬಿಡಿಸುವಾಗಲೂ ಫೋನನ್ನು ಸೆರಗಿನಲ್ಲಿ ಕಟ್ಟಿಕೊಂಡಿರುತ್ತಿದ್ದಳು. ಡಾಕ್ಟರ ಕರೆ ಬಂದದ್ದು ಹನ್ನೊಂದು ತಿಂಗಳ ಮೇಲೆ. ಆಗ ಅವಳು ಮತ್ತೆ ಬಸಿರಾಗಿ ಮೂರು ತಿಂಗಳಾಗಿತ್ತು. ಕಲ್ಮೇಶನಿಗೆ ಬಿಟ್ಟು ಯಾರಿಗೂ ಹೇಳಿರಲಿಲ್ಲ.

ಗಂಡನೊಂದಿಗೆ ಬೆಳಗಾವಿಗೆ ಹೋಗಿ, ಲ್ಯಾಬಿನಲ್ಲಿ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟವಳು ಬೆಚ್ಚಿ ಹಿಂದೆ ಸರಿದಳು. ಸಣ್ಣ ಸಣ್ಣ ನಾಳಗಳು ಉಬ್ಬಿ ಗುಳ್ಳೆಗಳಾಗಿದ್ದವು.

"ಇದು ನನ್ನ ಕೂಸೇನ್ರಿ? ಇದಕ್ಕ ನೋವಾಗತೈತೇನು?"

"ಇಲ್ಲವ್ವಾ. ಎಳ್ಳಿನಷ್ಟು ಅಂಗಾಂಶ ಅಷ್ಟ. ಇದಕ್ಕ ನೋವು ತಿಳಿಯಂಗಿಲ್ಲ." ಐಶ್ವರ್ಯಾ ಇನ್ನೊಂದು ತಟ್ಟೆಯನ್ನು ಇಟ್ಟರು. "ಅವೇ ಜೀವಕೋಶದಾಗ ಒಂದು ದೋಷ ತಿದ್ದಿ ಬೆಳೆಸಿದ್ವಿ. ನೋಡ್ರಿ, ಗುಳ್ಳಿ ಇಲ್ಲ. ರೋಗದ ಬೇರು ಆ ದೋಷನ ಅಂತ ಈಗ ಖಾತ್ರಿ ಆತು. ಅದು ತಾಯಿ, ತಂದಿ ಇಬ್ಬರ ಕಡಿಂದ್ಲೂ ಬಂದ್ರಷ್ಟ ಈ ರೋಗ. ನಿಮ್ಮಿಬ್ಬರ ರಕ್ತದಾಗೂ ಅದು ಸಿಕ್ಕೈತಿ."

ಕಲ್ಮೇಶ ಕುರ್ಚಿ ಹಿಡಿದು ಕುಳಿತ.

ಹೊಟ್ಟೆಯಲ್ಲಿರುವ ಕೂಸನ್ನು ಈಗ ಪರೀಕ್ಷಿಸಬಹುದಿತ್ತು. ಅದಕ್ಕೂ ರೋಗ ಬರುವ ಭಯ ನಾಲ್ಕರಲ್ಲಿ ಒಂದು ಪಾಲು. ಪರೀಕ್ಷೆ ಮುಗಿಸಿ ಮನೆಗೆ ಬಂದವನೇ ಕಲ್ಮೇಶ ಅಂಗಳದಲ್ಲಿ ನಿಂತು ಹೇಳಿದ: "ಯವ್ವಾ, ಅರ್ಧ ದೋಷ ನಂದ ಐತಿ. ತೊರಗಲ್ಲಿನ ಮಾತು ಬಿಡು." ಶಟ್ಟೆವ್ವ ಆ ದಿನ ಉಣ್ಣಲಿಲ್ಲ.

ಪರೀಕ್ಷೆಯ ಫಲಿತಾಂಶ ಬರಲು ಹದಿನೈದು ದಿನ ಹಿಡಿಯಿತು. ಫೋನ್ ಬಂದಾಗ ಕಲ್ಮೇಶ ಅದನ್ನು ಕಿವಿಗಿಟ್ಟುಕೊಳ್ಳದೆ, ಹೊಲದಲ್ಲಿದ್ದ ಹೆಂಡತಿಗೇ ಕೊಟ್ಟ. ಕೂಸಿಗೆ ಒಬ್ಬರ ದೋಷವಷ್ಟೇ ಬಂದಿತ್ತು, ರೋಗವಿರಲಿಲ್ಲ. ಮಾಯವ್ವ ಹೊಲದ ಬದುವಿನ ಮೇಲೆ ಕುಳಿತು ಬಾಯಿಬಿಟ್ಟು ಅತ್ತಳು.

ಶ್ರಾವಣಕ್ಕೆ ಮುಂಚೆ ಹೆಣ್ಣು ಹುಟ್ಟಿತು. ಅದು ಒದ್ದೆ ಮಾಡಿದ ಮೊದಲ ಬಟ್ಟೆಯನ್ನು ಶಟ್ಟೆವ್ವ ಕೈಯಲ್ಲಿ ಹಿಡಿದು, ಆಸ್ಪತ್ರೆಯ ವಾರ್ಡಿನಲ್ಲಿ ಕಂಡಕಂಡವರಿಗೆಲ್ಲ ತೋರಿಸಿದಳು.