ಸೂರಮ್ಮ ಬರೆದ ಮೂರು ಪುಟ

ಮಂಗಳಗೌರಿ ಮೊಳಕಾಲ್ಮುರುವಿನಿಂದ ದಿನಾ ಬಸ್ಸಿನಲ್ಲಿ ಚಳ್ಳಕೆರೆಗೆ ಬಂದು, ಖಾಸಗಿ ಕಾಲೇಜೊಂದರಲ್ಲಿ ಕನ್ನಡ ಪಾಠ ಮಾಡಿ ಹೋಗುತ್ತಿದ್ದಳು. ಆರು ವರ್ಷ ಅವಳು ತಿದ್ದಿದ್ದೆಲ್ಲ ಗೈಡಿನಿಂದ ಇಳಿಸಿದ, ಒಂದೇ ಅಚ್ಚಿನ ಪ್ರಬಂಧಗಳು. 2003ರಲ್ಲಿ ಕಾಲೇಜಿಗೆ ಐದು ಕಂಪ್ಯೂಟರ್ ಬಂದಾಗ ಅವಳಿಗೊಂದು ಆಸೆ ಹುಟ್ಟಿತು. ಕಾಗದದಲ್ಲಿ ಒಮ್ಮೆ ಬರೆದದ್ದನ್ನು ಮಕ್ಕಳು ಮತ್ತೆ ಮುಟ್ಟುವುದಿಲ್ಲ. ಇದರಲ್ಲಾದರೆ ಅಳಿಸಿ, ಸೇರಿಸಿ, ಹತ್ತು ಸಲ ತಿದ್ದಬಹುದಲ್ಲ. ರಜೆಯಲ್ಲಿ ಡಿಟಿಪಿ ಅಂಗಡಿಯಲ್ಲಿ ಕೂತು ಕನ್ನಡ ಟೈಪಿಂಗ್ ಕಲಿತಳು. ಪ್ರಿನ್ಸಿಪಾಲ್ ಮುರುಗೇಂದ್ರಪ್ಪನವರನ್ನು ಕಾಡಿ ಬೇಡಿ ಶನಿವಾರದ ಎರಡು ಗಂಟೆ ಪಡೆದಳು.

"ನಿಮ್ಮ ಮನೇಲಿ, ಊರಲ್ಲಿ ನಡೆದಿದ್ದನ್ನೇ ಬರೀರಿ," ಎಂದಳು ಮಕ್ಕಳಿಗೆ.

ದೊಡ್ಡಉಳ್ಳಾರ್ತಿಯ ಸೂರಮ್ಮ ಮೊದಲ ವಾರ ಒತ್ತಿದ್ದು ಒಂದೇ ಸಾಲು: ನನ್ನ ತಮ್ಮ ಜುಂಜಪ್ಪ ಕಲ್ಲುಕ್ವಾರಿಯ ನೀರಿಗೆ ಬಿದ್ದು ಸತ್ತ.

"ಆಗ ನೀನೆಲ್ಲಿದ್ದೆ?" ಎಂದು ಮಂಗಳಗೌರಿ ಕೇಳಿದಳು.

ಹುಡುಗಿ ಮತ್ತೆ ಕೀಲಿಮಣೆಯತ್ತ ತಿರುಗಿದಳು. ವಾರವಾರವೂ ಬರೆದಳು, ಅಳಿಸಿದಳು. ಕರೆಂಟ್ ಹೋದರೆ ಬರುವ ತನಕ ಕೂತಲ್ಲಿಂದ ಕದಲಲಿಲ್ಲ. ಒಂಬತ್ತನೆಯ ವಾರ ಅದು ಹೊರಬಂತು. ಕುರಿಗಳ ಜೊತೆ ತಮ್ಮನನ್ನೂ ನೋಡಿಕೊಳ್ಳಬೇಕಿದ್ದವಳು ಅವಳೇ. ಮರದ ನೆರಳಲ್ಲಿ ನಿದ್ದೆ ಹೋಗಿದ್ದಳು. ಅವ್ವನಿಗೆ ಇವತ್ತಿಗೂ ಹೇಳಿರಲಿಲ್ಲ. ಮೂರು ಪುಟ. ಅಂಥ ಬರಹ ತನ್ನ ಕ್ಲಾಸಿನಲ್ಲಿ ಹುಟ್ಟೀತೆಂದು ಮಂಗಳಗೌರಿ ಕನಸಿನಲ್ಲೂ ಎಣಿಸಿರಲಿಲ್ಲ.

"ಇದು ಇಲ್ಲೇ ಭದ್ರವಾಗಿರುತ್ತೆ ಸೂರಮ್ಮ," ಎಂದಳು.

ದಸರಾ ರಜೆ ಮುಗಿಸಿ ಬಂದರೆ ಐದೂ ಕಂಪ್ಯೂಟರ್ ಖಾಲಿ.

"ವೈರಸ್ ಬಂದಿತ್ತಂತೆ ಮೇಡಂ. ರಿಪೇರಿಯವರು ಎಲ್ಲಾ ಅಳಿಸಿ ಹೊಸದಾಗಿ ಹಾಕ್ಕೊಟ್ರು," ಎಂದರು ಮುರುಗೇಂದ್ರಪ್ಪ. "ಪ್ರಬಂಧ ತಾನೆ, ಇನ್ನೊಂದ್ಸಲ ಬರೆಸ್ರಿ."

ಒಂದು ನಕಲನ್ನು ಫ್ಲಾಪಿಗೆ ಹಾಕಿಡಬೇಕೆಂದು ಮಂಗಳಗೌರಿಗೇ ಹೊಳೆದಿರಲಿಲ್ಲ. ಬೇರೆ ಯಾರನ್ನು ಬೈಯುವುದು? ಸೂರಮ್ಮನನ್ನು ವರಾಂಡಕ್ಕೆ ಕರೆದು ವಿಷಯ ತಿಳಿಸಿದಳು.

"ಮತ್ತೆ ಬರೀತೀಯಾ? ನಾನೂ ಜೊತೇಲಿ ಕೂತ್ಕೋತೀನಿ."

"ಒಂದ್ಸಲ ಹೆಂಗೋ ಬಂತು ಮೇಡಂ. ಇನ್ನೊಂದ್ಸಲ ನನ್ ಕೈಲಾಗಲ್ಲ." ಆಮೇಲೆ ಅವಳೇ ಸಮಾಧಾನ ಹೇಳುವವಳಂತೆ ಅಂದಳು: "ಹೋಗ್ಲಿ ಬಿಡ್ರಿ. ಅವ್ವನ ಕಿವಿಗೆ ಬೀಳದಂಗಾತು."

ಆ ಶನಿವಾರ ಸೂರಮ್ಮ ಬರಲಿಲ್ಲ. ಮುಂದಿನ ಶನಿವಾರ ಬಂದವರು ಇಬ್ಬರೇ. ಆಮೇಲೆ ಆ ಎರಡು ಗಂಟೆಯನ್ನು ಮಂಗಳಗೌರಿಯೇ ಬಿಟ್ಟುಕೊಟ್ಟಳು. ಕ್ಲಾಸಿನಲ್ಲಿ ನೋಟ್ಸ್ ಹೇಳಿ ಬರೆಸತೊಡಗಿದಳು. ಸೂರಮ್ಮನೂ ಎಲ್ಲರಂತೆ ತಲೆ ತಗ್ಗಿಸಿ ಬರೆದುಕೊಳ್ಳುತ್ತಿದ್ದಳು. ಆ ತಗ್ಗಿದ ತಲೆಯತ್ತ ನೋಡುವ ಧೈರ್ಯವಾಗದೆ ಮಂಗಳಗೌರಿ ಕಿಟಕಿಯ ಕಡೆ ತಿರುಗಿಕೊಂಡು ಪಾಠ ಮುಗಿಸುತ್ತಿದ್ದಳು.