ಸ್ಪೋರ್ಟ್ಸ್ ಕಾರಿಗೆ ಗಾರೆ ಮೇಸ್ತ್ರಿ

ಮೂರು ವಾರದ ಹಿಂದೆ, ಒಂದು ಭಾನುವಾರ ಬೆಳಗ್ಗೆ, ನನ್ನ ಹೊಸ ಸ್ಪೋರ್ಟ್ಸ್ ಕಾರು ಬನಶಂಕರಿಯ ನಮ್ಮ ಮನೆ ಗೇಟಿನವರೆಗೆ ಬಂತು. ಒಳಗೆ ಬರಲಿಲ್ಲ.

ಹೌದು, ಕೊಂಡೆ. ಐವತ್ತನಾಲ್ಕನೇ ವಯಸ್ಸಿನಲ್ಲಿ, ಎರಡೇ ಬಾಗಿಲಿನ, ಕೆಂಪು ಬಣ್ಣದ, ನೆಲಕ್ಕೆ ಹೊಟ್ಟೆ ತಾಗುವಷ್ಟು ತಗ್ಗಾದ ಕಾರು. ಇಪ್ಪತ್ತೆಂಟು ವರ್ಷದಿಂದ ಜಯನಗರದ ಕ್ಲಿನಿಕ್ಕಿನಲ್ಲಿ ಬೇರೆಯವರ ಹಲ್ಲು ಕಿತ್ತಿದ್ದೇನೆ. ನನಗೂ ಒಂದು ಆಸೆ ಇರಬಾರದೇ? (ಆ ದುಡ್ಡು ಮಗಳ ಮದುವೆಗೆ ಇಡಬಹುದಿತ್ತು ಎಂದವರಿಗೆ ಉತ್ತರ: ಬಣ್ಣ ಆರಿಸಿದ್ದೇ ಮಗಳು.)

ಕೊಳ್ಳುವ ಮುಂಚೆ ಟೇಪ್ ಹಿಡಿದು ಎಲ್ಲವನ್ನೂ ಅಳೆದಿದ್ದೆ. ಪೋರ್ಟಿಕೋದ ಉದ್ದ, ಅಗಲ, ಕನ್ನಡಿಗೂ ಕಾಂಪೌಂಡಿಗೂ ನಡುವಿನ ಜಾಗ, ಬಾಗಿಲು ತೆರೆದರೆ ನಾನು ಇಳಿಯಬಹುದೇ ಎಂಬುದನ್ನೂ. ಕಾರಿನ ಹೊಟ್ಟೆಗೂ ನೆಲಕ್ಕೂ ಇರುವ ಅಂತರವನ್ನು ಮಾತ್ರ ಅಳೆಯಲಿಲ್ಲ. ನಮ್ಮ ಮಾವನವರು ಮಳೆನೀರಿಗೆ ಹೆದರಿ ಪೋರ್ಟಿಕೋವನ್ನು ಎತ್ತರಿಸಿ ಕಟ್ಟಿಸಿದ್ದರು. ಹಾಗಾಗಿ ಗೇಟಿನ ಒಳಗೆ ಒಂದು ಮೋಟು, ಕಡಿದಾದ ಸ್ಲೋಪು. ಹಳೆಯ ಕಾರು ಅದನ್ನು ಹದಿನೈದು ವರ್ಷ ಗೊಣಗದೆ ಹತ್ತಿತ್ತು. ಹೊಸದು ಮೂತಿ ಉಜ್ಜಿಕೊಂಡು ನಿಂತಿತು. ಕೆಳಗಿನಿಂದ ಬಂದ ಸದ್ದು ಹಲ್ಲಿನ ಡಾಕ್ಟರಿಗೇ ಜುಂ ಎನ್ನಿಸುವಂಥದ್ದು.

ಗೇಟ್ ತೆರೆದು ನಿಂತಿದ್ದ ನನ್ನ ಗಂಡ ಬಗ್ಗಿ ನೋಡಿ, “ಇದು ಒಳಗೆ ಬರಲ್ಲ ಕಣೇ,” ಎಂದರು. ಹೇಳಿ, ಕಾಫಿ ಕುಡಿಯಲು ಒಳಗೆ ಹೋದರು. ನನಗೆ ಹೆಚ್ಚು ಉರಿದದ್ದು ಅದೇ.

ಕಾರನ್ನು ರಸ್ತೆ ಬದಿಯ ಹೊಂಗೆಮರದ ಕೆಳಗೆ ನಿಲ್ಲಿಸಿದೆ. ಸಂಜೆಯೊಳಗೆ ಕಾಗೆಗಳು ತಮ್ಮ ಅಭಿಪ್ರಾಯ ತಿಳಿಸಿದ್ದವು.

ಅಪ್‌ಗ್ರೇಡ್ ಪಟ್ಟಿಯೇನೋ ನನ್ನ ಬಳಿ ಮೊದಲೇ ತಯಾರಿತ್ತು. ಕಾರು ಬುಕ್ ಮಾಡಿದ ದಿನದಿಂದ ಕ್ಲಿನಿಕ್ ಡೈರಿಯ ಹಿಂದಿನ ಪುಟದಲ್ಲಿ ಬರೆಯುತ್ತಾ ಬಂದಿದ್ದೆ. ಟೈರು, ಬ್ರೇಕ್ ಪ್ಯಾಡು, ಆಮೇಲೆ ಎಕ್ಸಾಸ್ಟ್. ಇಂಜಿನ್ನಿನ ಪವರ್ ಹೆಚ್ಚಿಸುವ ಟ್ಯೂನಿಂಗನ್ನು ಬರೆದು, ಹೊಡೆದು ಹಾಕಿದ್ದೆ. ಬನ್ನೇರುಘಟ್ಟ ರಸ್ತೆಯಲ್ಲಿ ಇರುವ ಪವರನ್ನೇ ಬಳಸಲು ಜಾಗವಿಲ್ಲ, ಇನ್ನಷ್ಟು ಯಾಕೆ? ಓಡುವುದಕ್ಕೆ ಎಲ್ಲರೂ ಖರ್ಚು ಮಾಡುತ್ತಾರೆ, ನಿಲ್ಲುವುದಕ್ಕೆ ಯಾರೂ ಮಾಡುವುದಿಲ್ಲ. ಮೊದಲು ಬ್ರೇಕು, ಟೈರು. ಈ ವಿಷಯದಲ್ಲಿ ನನ್ನ ಜೊತೆ ವಾದ ಬೇಡ. ಪಟ್ಟಿಯ ಕೊನೆಯಲ್ಲಿ, ಮುಚ್ಚಿಡುವುದೇನು, ಕಾರನ್ನು ಇನ್ನೂ ಒಂದಿಂಚು ತಗ್ಗಿಸುವುದೂ ಇತ್ತು.

ಇಂಥ ಕಾರುಗಳನ್ನೇ ನೋಡಿಕೊಳ್ಳುವ ಗ್ಯಾರೇಜೊಂದು ಜೆ.ಪಿ. ನಗರದಲ್ಲಿದೆ. ಮಾಲೀಕರು ಸಲೀಂ. ಪಟ್ಟಿ ಓದಿದರು, ಕಾರಿನ ಕೆಳಗೆ ಟಾರ್ಚ್ ಬಿಟ್ಟು ಗೀರು ನೋಡಿದರು, ನಕ್ಕರು.

“ಎಲ್ಲಾ ಮಾಡೋಣ ಮೇಡಂ. ಮೊದ್ಲು ಇದು ಮನೆ ಒಳಗೆ ಹೋಗ್ಬೇಕಲ್ವಾ?”

“ಸ್ವಲ್ಪ ಎತ್ತರ ಮಾಡಕ್ಕಾಗಲ್ವಾ?”

“ಮಾಡ್ಬಹುದು. ಆಮೇಲೆ ನೋಡಕ್ಕೆ ಆಟೋ ಥರ ಇರುತ್ತೆ. ಯಾಕೆ ಸುಮ್ನೆ?” ಎಂದು ಫೋನ್ ತೆಗೆದರು. “ಮುನಿರಾಜು ಅಂತ ಇದಾರೆ. ನಂಬರ್ ಕಳಿಸ್ತೀನಿ.”

“ಸಸ್ಪೆನ್ಷನ್ ಕೆಲಸದವ್ರಾ?”

“ಗಾರೆ ಮೇಸ್ತ್ರಿ. ನಮ್ ಕಸ್ಟಮರ್ಸ್‌ಗೆಲ್ಲಾ ಫಸ್ಟ್ ಅಪ್‌ಗ್ರೇಡ್ ಅವ್ರದ್ದೇ ಮೇಡಂ.”

ಮುನಿರಾಜು ಮರುದಿನವೇ ಬಂದರು. ಕಾರಿನ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಸ್ಲೋಪು ನೋಡಿದರು, ಅದರ ಹಿಂದಿದ್ದ ಸಂಪಿನ ಮುಚ್ಚಳವನ್ನು ಕಾಲಲ್ಲಿ ತಟ್ಟಿದರು.

“ಸ್ಲೋಪ್ ಒಳಗಡೆ ಉದ್ದ ಮಾಡಕ್ಕಾಗಲ್ಲ ಮೇಡಂ, ಸಂಪ್ ಅಡ್ಡ ಬರುತ್ತೆ. ಹೊರಗಡೆ ಎಳೆಯೋಣ. ಮೂರಡಿ ಫುಟ್‌ಪಾತ್ ಮೇಲೆ ಹೋಗುತ್ತೆ, ಅಷ್ಟೇ. ಎಲ್ರೂ ಎಳ್ದಿದಾರಲ್ಲ.”

ನಿಜ. ನಮ್ಮ ಸಾಲಿನಲ್ಲಿ ನಮಗಿಂತ ಮುಂಚಿನ ಆರು ಮನೆಗಳೂ ಎಳೆದಿವೆ.

ಇಲ್ಲಿ ನಾನೊಂದು ವಿಷಯ ಒಪ್ಪಿಕೊಳ್ಳಬೇಕು. ಹೀಗೆ ಸ್ಲೋಪು ಎಳೆದು ಫುಟ್‌ಪಾತ್ ನುಂಗುವವರನ್ನು ಹೋದ ವರ್ಷ ಇದೇ ಅಂಕಣದಲ್ಲಿ ಚೆನ್ನಾಗಿ ಝಾಡಿಸಿದ್ದೆ. ಗೇಟಿನ ಒಳಗೆ ನಿಮ್ಮದು, ಹೊರಗೆ ನಡೆಯುವವರದ್ದು ಎಂದು ಬರೆದಿದ್ದೆ. ನೀವು ಮೆಚ್ಚಿ ಪತ್ರ ಹಾಕಿದಿರಿ. ಆ ಸಾಲು ವಾಟ್ಸ್ಯಾಪಿನಲ್ಲಿ ಸುತ್ತಿ ನನಗೇ ಮೂರು ಸಲ ವಾಪಸ್ ಬಂದಿತ್ತು.

“ನಿನ್ನ ಆ ಲೇಖನ…” ಎಂದು ನನ್ನ ಗಂಡ ಶುರುಮಾಡಿದರು.

“ಅದು ಒತ್ತುವರಿ. ಇದು ಬರೀ ಮೂರಡಿ,” ಎಂದೆ.

ಎಷ್ಟು ಸುಲಭವಾಗಿ ಬಂತು ನೋಡಿ ಮಾತು! ಬೇರೆಯವರ ಮನೆ ಮುಂದೆ ಇದ್ದರೆ ಒತ್ತುವರಿ, ನಮ್ಮ ಮನೆ ಮುಂದೆ ಇದ್ದರೆ ಅಳತೆ.

ಬುಧವಾರ ಸಂಜೆ ಕೆಲಸ ಮುಗಿಯಿತು. ಮುನಿರಾಜು ಸಿಮೆಂಟಿನ ಮೇಲೆ ಒದ್ದೆ ಗೋಣಿಚೀಲ ಹೊದಿಸಿ, “ಒಂದ್ ವಾರ ನೀರ್ ಹಾಕಿ ಮೇಡಂ, ಆಮೇಲೆ ಕಾರ್ ಹತ್ಸಿ,” ಎಂದು ಹೋದರು.

ಗುರುವಾರ ಬೆಳಗ್ಗೆ ಏಳಕ್ಕೆ ಪೈಪು ಹಿಡಿದು ಬಂದೆ. ಆಗ ವಿಶಾಲಾಕ್ಷಮ್ಮ ಬರುತ್ತಿದ್ದರು. ನಮ್ಮ ಸಾಲಿನ ಮೊದಲ ತಿರುವಿನ ಆಚೆಯ ಮನೆಯವರು, ರಿಟೈರ್ಡ್ ಹೆಡ್‌ಮಿಸ್ಟ್ರೆಸ್. ಮೂರು ತಿಂಗಳ ಹಿಂದೆ ಮಂಡಿ ಆಪರೇಷನ್ ಆಗಿದೆ. ದಿನಾ ಪಾರ್ಕಿನ ತನಕ ನಡೆಯಲೇಬೇಕೆಂದು ಡಾಕ್ಟರ ಅಪ್ಪಣೆ. ಕೋಲೂರಿ, ಎಣಿಸಿ ಎಣಿಸಿ ಹೆಜ್ಜೆ ಇಡುತ್ತಾರೆ.

ಆರು ಮನೆ ದಾಟುವವರೆಗೆ ರಸ್ತೆಯಲ್ಲೇ ಬಂದರು. ನಮ್ಮ ಮನೆ ಮುಂದೆ ಬಂದು, ರೂಢಿಯಂತೆ ಫುಟ್‌ಪಾತ್ ಹತ್ತಲು ಕೋಲು ಎತ್ತಿ ಇಟ್ಟರು. ಕೋಲು ಒದ್ದೆ ಗೋಣಿಚೀಲದ ಮೇಲೆ ಜಾರಿತು. ಸಾವರಿಸಿಕೊಂಡು ಮತ್ತೆ ರಸ್ತೆಗೆ ಇಳಿದರು. ಹಿಂದಿನಿಂದ ಸ್ಕೂಲ್ ವ್ಯಾನಿನ ಹಾರನ್. ಅದು ಹೋಗುವ ತನಕ ಲೈಟ್ ಕಂಬ ಹಿಡಿದು ನಿಂತರು.

ಪೈಪು ಬಿಸಾಕಿ ಓಡಿದೆ. “ಬನ್ನಿ ಮೇಡಂ, ಕೈ ಕೊಡಿ. ದಾಟಿಸ್ತೀನಿ.”

“ಏನಾಗಿಲ್ಲ ಬಿಡಿ ಡಾಕ್ಟ್ರೇ. ನಿಮ್ಮನೆ ಮುಂದೆ ಮಾತ್ರ ಮೇಲೆ ಹತ್ತಿ ಒಂದ್ ನಿಮಿಷ ಸುಧಾರಿಸ್ಕೋತಿದ್ದೆ. ಅಭ್ಯಾಸ ಆಗಿತ್ತು. ನಾಳೆಯಿಂದ ಇಲ್ಲೂ ರೋಡಲ್ಲೇ ಹೋದ್ರಾಯ್ತು.”

ನಾಲ್ಕು ಹೆಜ್ಜೆ ಹೋದವರು ತಿರುಗಿದರು. ಮುಖದಲ್ಲಿ ಕೋಪವೇನೂ ಇರಲಿಲ್ಲ.

“ನಿಮ್ ಲೇಖನ ಓದಿ ನಾವು ನಮ್ಮನೆ ಸ್ಲೋಪ್ ಒಡೆಸಿಬಿಟ್ವಿ. ನಿಮಗೆ ಹೇಳೇ ಇರ್ಲಿಲ್ಲ, ಅಲ್ವಾ?”

ನನಗೆ ನಾಚಿಕೆಯಾಯಿತು. ಬೇರೆ ಪದ ಹುಡುಕುವುದಿಲ್ಲ. ಓದಿದವರು ಒಡೆಸಿದರು, ಬರೆದವಳು ಕಟ್ಟಿಸಿದಳು.

ಮುನಿರಾಜುಗೆ ಫೋನ್ ಮಾಡಿದೆ. “ಒಡೀಬೇಕು, ಬನ್ನಿ.”

“ಮೇಡಂ, ಇನ್ನೂ ಗಟ್ಟಿನೇ ಆಗಿಲ್ಲ.”

“ಅದಕ್ಕೇ ಬೇಗ ಬನ್ನಿ.”

ಮಧ್ಯಾಹ್ನದೊಳಗೆ ಸ್ಲೋಪು ಹೋಯಿತು. ಹೋಗುವಾಗ ಮುನಿರಾಜು, ನನ್ನ ತಲೆ ಸರಿಯಿದೆಯೇ ಎಂಬ ಅನುಮಾನದಿಂದಲೇ, ಕಾರು ಹತ್ತಿಸಿ ಇಳಿಸಲು ಸೆಂಟ್ರಿಂಗ್ ಕೆಲಸದ ಎರಡು ಹಲಗೆ ಇಟ್ಟುಹೋದರು. ಉದ್ದ, ದಪ್ಪ, ಭಾರ. ಅವು ನನ್ನ ಕಾರಿನ ಮೊದಲ ಅಪ್‌ಗ್ರೇಡ್.

ಈಗ ದಿನಚರಿ ಹೀಗಿದೆ. ಗೇಟ್ ತೆರೆಯಬೇಕು, ಹಲಗೆ ಜೋಡಿಸಬೇಕು, ಕಾರು ಇಳಿಸಬೇಕು, ಮತ್ತೆ ಇಳಿದು ಹಲಗೆ ಎತ್ತಿ ಒಳಗಿಡಬೇಕು. ಕಣ್ಣು ಮಿಟುಕಿಸುವುದರಲ್ಲಿ ನೂರು ಮುಟ್ಟುವ ಕಾರು, ಪೋರ್ಟಿಕೋದಿಂದ ರಸ್ತೆ ಮುಟ್ಟಲು ನಾಲ್ಕು ನಿಮಿಷ. ಸಂಜೆ ಬಂದಾಗ ಇದೇ ಕಸರತ್ತು, ಹಿಂದೆ ಹಾರನ್ ಹೊಡೆಯುವ ಬೈಕುಗಳ ಸಮೇತ. ಹೊಡೆಯಲಿ. ಸಲೀಂ ಬ್ರೇಕು, ಟೈರು ಹಾಕಿಕೊಟ್ಟಿದ್ದಾರೆ, ಕಾರು ಸಖತ್ತಾಗಿದೆ, ನಾನು ಅದನ್ನು ಮಾರುವುದಿಲ್ಲ. ತಗ್ಗಿಸುವ ಸಾಲನ್ನು ಮಾತ್ರ ಡೈರಿಯಲ್ಲಿ ಹೊಡೆದು ಹಾಕಿದ್ದೇನೆ.

ನಿನ್ನೆ ಬೆಳಗ್ಗೆ ಕ್ಲಿನಿಕ್ಕಿಗೆ ಬೇಗ ಹೊರಟಿದ್ದೆ. ವಿಶಾಲಾಕ್ಷಮ್ಮ ಫುಟ್‌ಪಾತ್ ಹತ್ತಿ, ನಮ್ಮ ಗೇಟಿನ ಕಂಬಕ್ಕೆ ಕೈಯೂರಿ, ಸುಧಾರಿಸಿಕೊಳ್ಳುತ್ತಾ ನೋಡಿದರು.

“ಡಾಕ್ಟ್ರೇ, ಎಡಗಡೆ ಹಲಗೆ ಸ್ವಲ್ಪ ಓರೆ ಇದೆ. ಸರಿಮಾಡಿ.”

ಸರಿಮಾಡಿದೆ. ಕಾರು ಇಳಿಸಿದೆ. ಹಲಗೆ ಎತ್ತಿದೆ. ಅವರು ನಿಧಾನವಾಗಿ ನಮ್ಮ ಮನೆ ಮುಂದಿನ ಫುಟ್‌ಪಾತಿನ ಉದ್ದಕ್ಕೂ ನಡೆದುಹೋದರು.

ನಿಮ್ಮ ಬೀದಿಯ ವಿಶಾಲಾಕ್ಷಮ್ಮ ರಸ್ತೆಗೆ ಇಳಿಯುವುದು ಯಾರ ಗೇಟಿನ ಮುಂದೆ?